ಕೂಲರ್ ಕೂರಿಸಿದ ಭಾನುವಾರ

ಮದುವೆ ವೀಡಿಯೋಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಕಸುಬು. ಮಂಡ್ಯ, ಮದ್ದೂರು, ಮಳವಳ್ಳಿಯ ಐದಾರು ಫೋಟೋಗ್ರಾಫರುಗಳು ಹಾರ್ಡ್‌ಡಿಸ್ಕ್ ತಂದು ಕೊಟ್ಟು ಹೋಗುತ್ತಾರೆ. ಮಂಡ್ಯದ ಗುತ್ತಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ನಾನು ಎಂಟು ಗಂಟೆಯ ಮದುವೆಯನ್ನು ಎರಡು ಗಂಟೆಗೆ ಇಳಿಸುತ್ತೇನೆ. ಕೊನೆಯ ಹಂತದಲ್ಲಿ ನನಗೆ ಕೆಲಸವಿಲ್ಲ. ಜೋಡಿಸಿದ್ದನ್ನೆಲ್ಲ ಒಂದೇ ಫೈಲಾಗಿ ಬರೆ ಎಂದು ಕಂಪ್ಯೂಟರಿಗೆ ಹೇಳಿ ಕಾಯುತ್ತಾ ಕೂರಬೇಕು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತಾ ಹೋಗುತ್ತದೆ.

ಹೋದ ಬೇಸಿಗೆಯಲ್ಲಿ ಆ ಪಟ್ಟಿಯನ್ನು ವೇಗವಾಗಿ ಓಡಿಸಬೇಕೆಂಬ ಹಟ ಹತ್ತಿತು. ನನ್ನ ಕಂಪ್ಯೂಟರಿನ ಪ್ರೊಸೆಸರ್ ಹಳೆಯದು. ಆದರೆ ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚು ಓಡಿಸಲು ಬಿಡುವ ಜಾತಿಯದು. ಇದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ಹಾಗೆ ಓಡಿಸಿದರೆ ಪ್ರೊಸೆಸರಿನ ಚಿಪ್ಪು ವಿಪರೀತ ಕಾಯುತ್ತದೆ. ಅದರ ಜೊತೆ ಬಂದ ಪುಟ್ಟ ಫ್ಯಾನು ತಡೆಯುವುದಿಲ್ಲ. ಬೇರೆ ಕೂಲರ್ ಕೊಂಡು ಕೂರಿಸಬೇಕು. ಯಾಕಿಷ್ಟು ಆತುರ ಎಂದು ನಮ್ಮ ಮನೆಯವರು ಕೇಳಿದಾಗ, ಕೆಲಸ ಜಾಸ್ತಿಯಾಗಿದೆ ಎಂದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಅದಕ್ಕೆ ಎರಡು ವರ್ಷದ ಹಿಂದೆ ನಮ್ಮಪ್ಪ ಮಳವಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಆ ದಿನ ಬೆಳಿಗ್ಗೆ ಎಂಟಕ್ಕೆ ಅಣ್ಣ ಫೋನ್ ಮಾಡಿ, “ಬಂದ್ಬುಡವ್ವ, ಅಪ್ಪ ನಿನ್ ಎಸ್ರು ಏಳ್ತಾವ್ನೆ” ಅಂದಿದ್ದ. ಹನ್ನೊಂದಕ್ಕೆ ಒಬ್ಬರು ತಮ್ಮ ಮಗಳ ಮದುವೆಯ ಪೆನ್‌ಡ್ರೈವಿಗೆ ಬರುವವರಿದ್ದರು. ಮಗಳೂ ಅಳಿಯನೂ ಅಂದೇ ಊರು ಬಿಡುವವರು. ಹಸಿರು ಪಟ್ಟಿ ಅರ್ಧ ದಾಟಿತ್ತು. ಅದರ ಹಿಂದಿನ ವಾರ ಎರಡು ಸಲ ಯಂತ್ರ ಕಾದು ತಾನೇ ಆರಿಹೋಗಿತ್ತು. ಹಾಗಾಗಿ ಪಕ್ಕದ ಮುಚ್ಚಳ ತೆಗೆದು, ಟೇಬಲ್ ಫ್ಯಾನ್ ಹತ್ತಿರ ಇಟ್ಟುಕೊಂಡು ಅದನ್ನೇ ನೋಡುತ್ತಾ ಕುಳಿತೆ. ಇನ್ನು ನಲವತ್ತು ನಿಮಿಷ ಅಂತ ತೋರಿಸಿತು. ಅರ್ಧ ಗಂಟೆಯಾದ ಮೇಲೂ ನಲವತ್ತು ನಿಮಿಷ ಅಂತಲೇ ತೋರಿಸಿತು. ಪೆನ್‌ಡ್ರೈವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಬಸ್ಸು ಹತ್ತುವಾಗ ಒಂಬತ್ತೂ ಮುಕ್ಕಾಲು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಪ್ಪ ಇರಲಿಲ್ಲ.

ಅಣ್ಣ ಆಸ್ಪತ್ರೆಯ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ. “ಈಗ್ ಬಂದ್ಯಾ” ಅಂದ, ಅಷ್ಟೆ. ಆದರೆ ಹನ್ನೊಂದನೆಯ ದಿನ ನೆಂಟರಿಷ್ಟರೆಲ್ಲ ಊಟಕ್ಕೆ ಕೂತಿದ್ದಾಗ, ಎಲೆಯ ಮುಂದೆಯೇ ಅಂದುಬಿಟ್ಟ: “ಅಪ್ಪ ಸಾಯ್ತಾವ್ನೆ ಅಂದ್ರೂ ಆ ಡಬ್ಬ ಕಾಯ್ಕಂಡ್ ಕುಂತಿದ್ಲು ಇವ್ಳು.” ನಾನು ಎಲೆ ಬಿಟ್ಟು ಎದ್ದೆ. ಅವನೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಅಣ್ಣ ಇರುವುದು ಮದ್ದೂರಿನಲ್ಲಿ, ಮಂಡ್ಯದಿಂದ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ. ಎರಡು ವರ್ಷ ಆ ದಾರಿ ತುಳಿಯಲಿಲ್ಲ.

ಯಂತ್ರ ಈಗ ವೇಗವಾಗಿ ಓಡಿದರೆ ಆ ಬೆಳಿಗ್ಗೆ ಬದಲಾಗುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಪ್ರತಿ ಸಲ ಪಟ್ಟಿ ನಿಂತು ನಿಂತು ತೆವಳುವಾಗ ನನಗೆ ಆ ಕಂಬ ಕಾಣುತ್ತಿತ್ತು, ಅಣ್ಣ ಕಾಣುತ್ತಿದ್ದ. ಏನಾದರೂ ಮಾಡದೆ ಇರಲಾಗಲಿಲ್ಲ.

ಎರಡು ವಾರ ಇಂಟರ್‌ನೆಟ್ಟಿನಲ್ಲಿ ಕೂಲರುಗಳ ಬಗ್ಗೆ ಓದಿದೆ. ಪರೀಕ್ಷೆ ಮಾಡಿದವರೆಲ್ಲ ಪಟ್ಟಿ, ನಕ್ಷೆ ಬರೆದು ಇದು ಅರವತ್ತೆರಡು ಡಿಗ್ರಿಯಲ್ಲಿ ನಿಲ್ಲಿಸುತ್ತದೆ, ಅದು ಅರವತ್ತೈದರಲ್ಲಿ ಎಂದು ಬರೆದಿದ್ದರು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಪರೀಕ್ಷೆ ಮಾಡಿದ ಕೋಣೆ ಇಪ್ಪತ್ತೊಂದು ಡಿಗ್ರಿ ಇತ್ತು ಅಂತ ಇತ್ತು. ನನಗೆ ನಗು ಬಂತು. ಏಪ್ರಿಲ್ಲಿನಲ್ಲಿ ನಮ್ಮ ಕೋಣೆ ಫ್ಯಾನು ತಿರುಗುತ್ತಿದ್ದಾಗಲೇ ಮೂವತ್ತೈದು. ಅವರು ಹೇಳಿದ್ದಕ್ಕೆಲ್ಲ ಹದಿನಾಲ್ಕು ಸೇರಿಸಿಕೊಂಡು ಓದಬೇಕಾಯಿತು. ಜೊತೆಗೆ, ಸುತ್ತಲ ಗದ್ದೆಗಳಲ್ಲಿ ಕಬ್ಬಿನ ತರಗು ಸುಟ್ಟಾಗ ತೇಲಿಬರುವ ಕರಿ ಯಾವ ಪರೀಕ್ಷೆಯಲ್ಲೂ ಇರಲಿಲ್ಲ. ಆ ಕರಿ ನಮ್ಮ ಕಿಟಕಿಯ ಅಂಚಿನಲ್ಲಿ, ಒಗೆದು ಹರವಿದ ಬಟ್ಟೆಯ ಮೇಲೆ, ಕಂಪ್ಯೂಟರಿನ ಒಳಗೆ, ಎಲ್ಲ ಕಡೆ ಕೂರುತ್ತದೆ.

ಮೊದಲು ಕಣ್ಣು ಹೋದದ್ದು ನೀರಿನ ಕೂಲರಿನ ಮೇಲೆ. ಚಿಪ್ಪಿನ ಮೇಲೆ ಪುಟ್ಟ ಪಂಪು, ಅಲ್ಲಿಂದ ಎರಡು ಕೊಳವೆ, ಕಾರಿಗಿರುವಂಥ ರೇಡಿಯೇಟರು. ನೋಡಲು ಚೆಂದ. ಆದರೆ ಪಂಪು ನಿಂತರೆ ಮಂಡ್ಯದಲ್ಲಿ ಅದನ್ನು ಬಿಚ್ಚಿ ನೋಡುವವರಿಲ್ಲ, ಇಡಿಯಾಗಿ ಎಸೆಯಬೇಕು. ಆಮೇಲೆ ಎರಡು ಫ್ಯಾನಿನ ದೊಡ್ಡ ಗಾಳಿ ಕೂಲರ್ ನೋಡಿದೆ. ಎಲ್ಲರೂ ಹೊಗಳಿದ್ದರು. ಅದರ ಎತ್ತರ ಹದಿನಾರೂವರೆ ಸೆಂಟಿಮೀಟರ್. ಚಪ್ಪಲಿಯ ರಟ್ಟಿನ ಡಬ್ಬಿ ಕತ್ತರಿಸಿ ಅಷ್ಟೇ ಎತ್ತರದ ಒಂದು ಪೆಟ್ಟಿಗೆ ಮಾಡಿ ಕಂಪ್ಯೂಟರಿನ ಒಳಗಿಟ್ಟು ನೋಡಿದೆ. ಮುಚ್ಚಳ ಒಂದು ಬೆರಳಗಲ ಹೊರಗೇ ನಿಂತಿತು.

ಅದನ್ನು ನೋಡಿ ನಮ್ಮ ಮನೆಯವರು, “ಮುಚ್ಚಳ ತೆಗೆದೇ ಇಟ್ಕಾ” ಅಂದರು. ಅವರು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಾರೆ. ಭತ್ತದ ತಾಕುಗಳಲ್ಲಿ ತೆನೆ ಎಣಿಸಿ, ಅಳೆದು ಬರೆದುಕೊಳ್ಳುವ ಕೆಲಸ.

“ಆ ಕರಿ ಎಲ್ಲಾ ಒಳೀಕೇ ಓಗಲ್ವಾ?” ಅಂದೆ.

“ಅಂಗಾರೆ ಇಡ್ಸೋದ್ನೇ ತಗಾ. ದೊಡ್ದು ಅಂತ ತಗಂಡು ಏನ್ ಮಾಡೀಯೆ?”

ಮುಗಿಯಿತು. ತೆಳು ತಗಡಿನ ರೆಕ್ಕೆಗಳನ್ನು ಪೇರಿಸಿದ ಒಂದೇ ಗೋಪುರ, ಒಂದೇ ಫ್ಯಾನು, ಹದಿನೈದು ಸೆಂಟಿಮೀಟರ್ ಎತ್ತರದ್ದನ್ನು ತರಿಸಿದೆ. ಅಂಕಿಯಲ್ಲಿ ಅದು ಎಲ್ಲೂ ಮೊದಲನೆಯದಾಗಿರಲಿಲ್ಲ. ಅದರ ಫ್ಯಾನು ಕೆಟ್ಟರೆ ಅದೇ ಅಳತೆಯ ಯಾವ ಫ್ಯಾನನ್ನಾದರೂ ನಾನೇ ಸಿಕ್ಕಿಸಬಹುದಿತ್ತು. ಧೂಳು ಕೂತರೆ ಬ್ರಶ್ಶಿನಲ್ಲಿ ತಳ್ಳಬಹುದಿತ್ತು. ಅಷ್ಟಕ್ಕೇ ಆರಿಸಿದೆ.

ಪಾರ್ಸೆಲ್ ಬಂದ ದಿನವೇ ಹಳೆಯ ಫ್ಯಾನು ಬಿಚ್ಚಲು ಕೂತೆ. ನಾಲ್ಕು ಸ್ಕ್ರೂಗಳಲ್ಲಿ ಮೂರು ಬಂದವು. ನಾಲ್ಕನೆಯದು ಬರಲೊಲ್ಲದು. ಜೋರು ಮಾಡಿ ತಿರುಗಿಸಿದೆ. ಕಿರ್ರೆಂದು ಬಂತು, ಜೊತೆಗೆ ಚಿಪ್ಪು ಕೂತಿರುವ ಬೋರ್ಡಿನ ಹಿಂದಿನ ಲೋಹದ ಪಟ್ಟಿಯಲ್ಲಿ ಸ್ಕ್ರೂ ಹಿಡಿಯುವ ತ್ರೆಡ್ಡನ್ನೂ ಕೆರೆದುಕೊಂಡು ಬಂತು. ಕೂಲರಿನ ಭಾರವೆಲ್ಲ ನಿಲ್ಲುವುದು ಆ ಹಿಂಬದಿಯ ಪಟ್ಟಿಯ ನಾಲ್ಕು ತೂತುಗಳ ಮೇಲೆ. ಒಂದು ಹಿಡಿಯದಿದ್ದರೆ ಕೂಲರ್ ಓರೆಯಾಗಿ ಕೂರುತ್ತದೆ, ಚಿಪ್ಪಿನ ಒಂದು ಮೂಲೆಗೆ ತಾಗುವುದಿಲ್ಲ.

ಮಂಡ್ಯದ ಎರಡು ಕಂಪ್ಯೂಟರ್ ಅಂಗಡಿಗೆ ಅಲೆದೆ. “ಮೇಡಂ, ಈ ಪಟ್ಟಿ ಬಿಡಿಯಾಗಿ ಬರಲ್ಲ. ಬೋರ್ಡೇ ಬದಲಾಯಿಸಿಬಿಡಿ” ಅಂದರು ಒಬ್ಬರು. ಇನ್ನೊಬ್ಬರು ಅಂಟು ಹಾಕಿ ನೋಡಿ ಅಂದರು. ಬಿಚ್ಚಿದ ಯಂತ್ರ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಎರಡು ಮದುವೆಯ ಕೆಲಸ ನಿಂತಿತ್ತು. ಮೂರನೆಯ ದಿನ ಊಟಕ್ಕೆ ಕೂತಾಗ ನಮ್ಮ ಮನೆಯವರು ಮುದ್ದೆ ಮುರಿಯುತ್ತಾ, ನನ್ನ ಮುಖ ನೋಡದೆ ಅಂದರು: “ನಿಮ್ಮಣ್ಣನ ತಾವ ಓಗು. ಒಂದ್ ತಗಡು ಕೊರ್ದು ತ್ರೆಡ್ ಆಕೋದು ಅವ್ರಿಗೆ ಯಾವ್ ಲೆಕ್ಕ?”

ಮಾರನೆಯ ಬೆಳಿಗ್ಗೆ ಪಟ್ಟಿಯನ್ನೂ ಹೊಸ ಕೂಲರನ್ನೂ ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಗೆಜ್ಜಲಗೆರೆಯಲ್ಲಿ ಕಾರ್ಖಾನೆಯ ಕೆಲಸಗಾರರೆಲ್ಲ ಇಳಿದ ಮೇಲೆ ಬಸ್ಸು ಅರ್ಧ ಖಾಲಿಯಾಯಿತು. ನಾನೂ ಇಲ್ಲೇ ಇಳಿದು ಹಿಂದಿರುಗಿಬಿಡಲೇ ಅನ್ನಿಸಿತು. ಹೋದ ತಕ್ಷಣ ಏನನ್ನಬೇಕು ಎಂದು ಮೂರು ನಾಲ್ಕು ರೀತಿಯಲ್ಲಿ ಮನಸ್ಸಿನಲ್ಲೇ ಹೇಳಿಕೊಂಡೆ. ಒಂದೂ ಸರಿ ಕೂರಲಿಲ್ಲ.

ಅಣ್ಣನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತಿ ಕೊಡುತ್ತಾನೆ. ಮದ್ದೂರಿನಲ್ಲಿ ಅವನ ಮನೆ ಹಿಂದೆ, ಅಂಗಡಿ ಮುಂದೆ. ನಾನು ಹೋದಾಗ ಒಂದು ಮೋಟರನ್ನು ತೊಡೆಯ ನಡುವೆ ಇಟ್ಟುಕೊಂಡು ತಂತಿ ತುಂಬುತ್ತಿದ್ದ. ತಲೆ ಎತ್ತಿದ. ಗಡ್ಡ ಬೆಳ್ಳಗಾಗಿತ್ತು. ಎರಡು ವರ್ಷದಲ್ಲಿ ಇಷ್ಟು ಬೆಳ್ಳಗಾಗುತ್ತದೆಂದು ನಾನು ಎಣಿಸಿರಲಿಲ್ಲ.

“ಏನು?” ಅಂದ.

ಪಟ್ಟಿಯನ್ನು ಅವನ ಮುಂದಿನ ಹಲಗೆಯ ಮೇಲಿಟ್ಟೆ. “ತ್ರೆಡ್ ಓಗೈತೆ.”

ಅವನು ಕೈ ಒರೆಸಿಕೊಂಡು ಅದನ್ನೆತ್ತಿ ಬೆಳಕಿಗೆ ಹಿಡಿದ. “ಎಲ್ಲೀದಿದು?”

“ಕಂಪ್ಯೂಟ್ರುದು. ಚಿಪ್ಪಿನ ಮೇಲೆ ಕೂಲರ್ ಕೂರ್ಸಕ್ಕೆ.”

ಕಂಪ್ಯೂಟರ್ ಅಂದಾಗ ಅವನ ಕೈ ಒಂದು ಗಳಿಗೆ ನಿಂತಿತು. ಆದರೆ ಅವನು ಕೇಳಿದ್ದು ಬೇರೆ. “ಎಷ್ಟು ಬಿಸಿ ಆಯ್ತದೆ ಚಿಪ್ಪು?”

“ತೊಂಬತ್ತೈದು ಡಿಗ್ರಿ.”

“ತೊಂಬತ್ತೈದಾ! ನೀರೇ ಕುದಿಯಕ್ಕೆ ಬಂದಂಗಲ್ವಾ? ಎಲ್ಲಿ, ಕೂಲರ್ ತೋರ್ಸು.”

ಚೀಲದಿಂದ ತೆಗೆದುಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದ, ತಳದ ತಾಮ್ರದ ಮೇಲೆ ಹೆಬ್ಬೆರಳು ಆಡಿಸಿದ. ತಾಮ್ರ ಕಂಡರೆ ಅವನ ಮುಖವೇ ಬೇರೆಯಾಗುತ್ತದೆ. “ಈ ಪೈಪ್ನಾಗೆ ಏನೈತೆ?”

“ವಸಿ ನೀರು. ಬಿಸಿಗೆ ಆವಿಯಾಗಿ ಮೇಲಕ್ಕೋಯ್ತದೆ. ಅಲ್ಲಿ ರೆಕ್ಕೆ ತಾವ ತಣ್ಗಾಗಿ ತಿರ್ಗಾ ಕೆಳೀಕ್ ಬತ್ತದೆ.”

“ಪಂಪು?”

“ಪಂಪಿಲ್ಲ ಕಣಣ್ಣ. ಅದ್ರಷ್ಟಕ್ಕದೇ.”

“ಪಂಪಿಲ್ದೆ!” ಅಂದ. ಮೂವತ್ತು ವರ್ಷ ಪಂಪುಗಳ ಜೊತೆಯಲ್ಲೇ ಬದುಕಿದವನಿಗೆ ಇದು ಬಹಳ ಹಿಡಿಸಿತು. ಒಳಗಿದ್ದ ಅತ್ತಿಗೆಯನ್ನು ಕೂಗಿ ಕರೆದು, ಅವಳ ಕೈಗೂ ಕೂಲರ್ ಕೊಟ್ಟು ವಿವರಿಸಿದ. ಅತ್ತಿಗೆ ಅದನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದಳು. ಕಣ್ಣು ತುಂಬಿಕೊಂಡು, “ಸಣ್ಣಾಗ್ಬುಟ್ಟಿದ್ದೀಯಲ್ಲವ್ವ” ಅಂದು ಮಜ್ಜಿಗೆ ತರಲು ಒಳಗೆ ಹೋದಳು.

ಅಣ್ಣ ಒಂದು ಗಟ್ಟಿ ಕಬ್ಬಿಣದ ತಗಡು ಹುಡುಕಿದ. ಹಳೆಯ ಪಟ್ಟಿಯನ್ನೇ ಮೇಲಿಟ್ಟು ಗುರುತು ಹಾಕಿ, ನಾಲ್ಕು ತೂತು ಕೊರೆದ. ಎಣ್ಣೆ ಬಿಟ್ಟು ಬಿಟ್ಟು, ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತಾ ತ್ರೆಡ್ ಹಾಕಿದ. ಅಂಚನ್ನೆಲ್ಲ ಅರದಿಂದ ಉಜ್ಜಿದ. ಕಬ್ಬಿಣ ಬೋರ್ಡಿಗೆ ತಗುಲಿದರೆ ಶಾರ್ಟ್ ಆಗುತ್ತದೆಂದು ನಾನು ಹೇಳುವ ಮೊದಲೇ, ಮೋಟರಿನ ಒಳಗೆ ತಂತಿಗೂ ಕಬ್ಬಿಣಕ್ಕೂ ನಡುವೆ ಹಾಕುವ ದಪ್ಪ ಕಾಗದವನ್ನು ಅದೇ ಅಳತೆಗೆ ಕತ್ತರಿಸಿ ಮೇಲೆ ಅಂಟಿಸಿದ್ದ.

“ನೀನು ಬಿಗಿ ಮಾಡಕ್ಕೋಗಿ ಇದ್ನೂ ಅಳಿಸ್ಬುಟ್ಟೀಯೆ” ಅಂದ. “ಭಾನ್ವಾರ ನಾನೇ ಬತ್ತೀನಿ.”

ಅವನು ಗುತ್ತಲಿನ ಮನೆಗೆ ಬರುವ ಮಾತು ಆಡಿದ್ದೇ ನನಗೆ ಸಾಕಾಗಿತ್ತು. ಹೂಂ ಅಂದು ಎದ್ದೆ.

ಭಾನುವಾರ ಹತ್ತಕ್ಕೆ ಬಂದ, ತನ್ನದೇ ಸ್ಕ್ರೂಡ್ರೈವರುಗಳ ಕಟ್ಟು ತಂದಿದ್ದ. ಚಿಪ್ಪಿಗೂ ಕೂಲರಿಗೂ ನಡುವೆ ಹಾಕುವ ಬೂದು ಬಣ್ಣದ ಲೇಪವನ್ನು ನಾನು ಕಡಲೆಕಾಳಿನಷ್ಟು ಇಟ್ಟೆ. ಅವನಿಗೆ ಸಾಲದು ಅನ್ನಿಸಿತು. ಎಲ್ಲ ಕಡೆ ಸವರು ಅಂದ. ಒತ್ತಿದರೆ ತಾನೇ ಹರಡುತ್ತದೆ, ಹೆಚ್ಚಾದರೆ ಅದೇ ಶಾಖಕ್ಕೆ ಅಡ್ಡ ಅಂದೆ. “ನಿನ್ ಕೆಲ್ಸ ನಿನ್ಗೆ ಗೊತ್ತು” ಅಂದ. ಸ್ಕ್ರೂಗಳನ್ನು ಒಂದಾದ ಮೇಲೆ ಅದರ ಎದುರಿನದು, ಹೀಗೆ ಮೂಲೆಗೆ ಮೂಲೆ, ಅರ್ಧರ್ಧ ಸುತ್ತು ಬಿಗಿ ಮಾಡಿದ. ಮುಚ್ಚಳ ಸಲೀಸಾಗಿ ಕೂತಿತು.

ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋದೆ. ಪ್ರತಿ ಮೆಟ್ಟಿಲಲ್ಲೂ ಹತ್ತು ಹದಿನೈದು ನಿಮಿಷ ಯಂತ್ರವನ್ನು ದುಡಿಸಿ ಶಾಖ ನೋಡುವುದು. ಎಪ್ಪತ್ತು, ಎಪ್ಪತ್ತಾರು, ಎಂಬತ್ತೊಂದು. ಕೊನೆಯ ಮೆಟ್ಟಿಲಿಗೆ ಪರದೆ ಕಪ್ಪಾಗಿ ಯಂತ್ರ ಮತ್ತೆ ಮೊದಲಿನಿಂದ ಶುರುವಾಯಿತು. ಇನ್ನೂ ಸ್ವಲ್ಪ ವೋಲ್ಟೇಜ್ ಕೊಟ್ಟರೆ ನಿಲ್ಲಬಹುದು ಅಂದೆ.

“ಯಾಕ್ ಕೊಡ್ತೀಯೆ?” ಅಂದ ಅಣ್ಣ. “ನಿಂತ್ರೂ ಎಷ್ಟ್ ದಿನ ನಿಂತದು? ನನ್ ತಾವಕ್ ಬರೋ ಮೋಟ್ರೆಲ್ಲಾ ಇಂಗೇ ಸುಟ್ಕಂಡ್ ಬರೋದು. ಒಂದ್ ಮೆಟ್ಲು ಇಳ್ಸು. ಅದ್ಕಿಂತ ಇನ್ನೊಂದ್ ವಸಿ ಇಳ್ಸು.”

ಇಳಿಸಿದೆ. ಆಮೇಲೆ ನಿಂತಿದ್ದ ಎರಡು ಮದುವೆಗಳಲ್ಲಿ ಒಂದನ್ನು ತೆರೆದು, ಫೈಲ್ ಬರೆಯಲು ಹಚ್ಚಿದೆ. ಹಸಿರು ಪಟ್ಟಿ ಹೊರಟಿತು. ಫ್ಯಾನಿನ ಸದ್ದು ಹದವಾಗಿತ್ತು. ನಮ್ಮ ಮನೆಯವರು ಅಂಗಡಿಗೆ ಹೋಗಿದ್ದರು. ಅಣ್ಣ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಪಟ್ಟಿಯನ್ನೇ ನೋಡಿದ.

“ಅವತ್ತು ನೀನ್ ಕಾಯ್ಕಂಡ್ ಕುಂತಿದ್ದುದು ಇದ್ನೇಯಾ?”

“ಊಂ ಕಣಣ್ಣ.”

ಆಮೇಲೆ ಪರದೆಯ ಕಡೆಗೇ ಮುಖ ಮಾಡಿ ಹೇಳಿದ: “ನಾನೂ ಅಪ್ಪನ್ ಪಕ್ಕ ಇರ್ನಿಲ್ಲ.”

ನನಗೆ ಅರ್ಥವಾಗಲಿಲ್ಲ. ಅವನೇ ಮುಂದುವರಿಸಿದ. ಆ ಬೆಳಿಗ್ಗೆ ಯಾರೋ ರೈತರು ಫೋನ್ ಮಾಡಿದ್ದರಂತೆ, ಮೋಟರ್ ಹೊಗೆ ಕಾರುತ್ತಿದೆ ಅಂತ. ವಾರ್ಡಿನಲ್ಲಿ ಮಾತು ಕೇಳಿಸದೆ ಗೇಟಿನ ಹತ್ತಿರ ಹೋಗಿ ನಿಂತು, ಯಾವ ತಂತಿ ಬಿಚ್ಚಬೇಕು, ಎಲ್ಲಿ ಮುಟ್ಟಿ ನೋಡಬೇಕು ಎಂದು ಹೇಳಿಕೊಡುತ್ತಿದ್ದನಂತೆ. ಕಾಲು ಗಂಟೆ ಆಗಿರಬಹುದು. ನರ್ಸಮ್ಮ ಹುಡುಕಿಕೊಂಡು ಬಂದಾಗ ಎಲ್ಲ ಮುಗಿದಿತ್ತು.

“ಇದ್ನ ಯಾರ್ಗೂ ಏಳಿಲ್ಲ. ನಿಮ್ಮತ್ಗೇಗೂ ಏಳಿಲ್ಲ.”

ಇಂಥ ಮಾತು ಕೇಳಿದರೆ ಮನಸ್ಸು ಹಗುರವಾಗುತ್ತದೆ ಎಂದು ಯಾರಾದರೂ ಅಂದುಕೊಳ್ಳಬಹುದು. ನನಗೆ ಬಂದದ್ದು ಸಿಟ್ಟು. ಎದ್ದು ಅಡುಗೆಮನೆಗೆ ಹೋಗಿ, ಮಾಡಲು ಏನೂ ಇಲ್ಲದೆ, ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ. ಹನ್ನೊಂದನೆಯ ದಿನದ ಆ ಎಲೆ, ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ ಆ ಮುಖಗಳು ಕಣ್ಣ ಮುಂದೆ ಬಂದವು. ಎರಡು ವರ್ಷ ನೆಂಟರ ಮನೆಯ ಯಾವ ಕಾರ್ಯಕ್ಕೂ ನಾನು ತಲೆ ಎತ್ತಿಕೊಂಡು ಹೋಗಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಕೋಣೆಯ ಬಾಗಿಲಿಗೆ ಬಂದು ನಿಂತೆ.

“ಎರ್ಡು ವರ್ಸ ನನ್ನೊಬ್ಳ ತಲೆ ಮೇಲೇ ಆಕ್ಬುಟ್ಯಲ್ಲಣ್ಣ.”

“ಊಂ. ಆಕ್ಬುಟ್ಟೆ.”

ತಪ್ಪಾಯಿತು ಅನ್ನಲಿಲ್ಲ, ಸಬೂಬೂ ಹೇಳಲಿಲ್ಲ. ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಬೈಸಿಕೊಳ್ಳಲು ಕೂತವನ ಹಾಗೆ ಕೂತಿದ್ದ. ಬೈಯಲು ನನ್ನಲ್ಲಿ ಬಹಳ ಮಾತಿತ್ತು. ಆ ಬಿಳಿ ಗಡ್ಡ ನೋಡಿ ಒಂದೂ ಹೊರಡಲಿಲ್ಲ. ಕೊನೆಗೆ ಎರಡು ವರ್ಷದಿಂದ ಯಾರನ್ನೂ ಕೇಳಲಾಗದ ಒಂದನ್ನು ಕೇಳಿದೆ.

“ಅಪ್ಪ ನನ್ನ ಕೇಳಿದ್ದು ನಿಜ್ವಾ?”

ಅವನು ಯೋಚಿಸಿದ. “ನೀರ್ ಕೇಳ್ದ. ಕುಡ್ಸ್ದೆ. ಆಮೇಕೆ ನಿನ್ ಎಸ್ರು ಅಂದ. ಕರಿತಿದ್ನೋ, ಸುಮ್ಕೆ ಅಂದ್ನೋ ನಂಗೊತ್ತಿಲ್ಲ ಕಣವ್ವ. ಒಂದೇ ಸಲ ಅಂದಿದ್ದು.”

ಅಷ್ಟು ಹೊತ್ತಿಗೆ ನಮ್ಮ ಮನೆಯವರು ಬಾಳೆಹಣ್ಣು ಹಿಡಿದುಕೊಂಡು ಬಂದರು. ನಮ್ಮಿಬ್ಬರ ಮುಖ ನೋಡಿ, “ಏನು, ಮಿಸಿನ್ನು ಕೆಟ್ಟೋಯ್ತಾ?” ಅಂದರು. ಅಣ್ಣ ಮೊದಲು ನಕ್ಕ. ನನಗೆ ನಗು ಬರಲಿಲ್ಲ, ಆದರೆ ಉಕ್ಕಿ ಬರುತ್ತಿದ್ದ ಅಳು ನಿಂತಿತು. ಎಲ್ಲರೂ ಉಪ್ಸಾರು ಮುದ್ದೆ ಉಂಡೆವು. ಉಂಡು ಕೈ ತೊಳೆಯುವಷ್ಟರಲ್ಲಿ ಫೈಲು ಸಿದ್ಧವಾಗಿತ್ತು. ಮೊದಲಿಗಿಂತ ಬೇಗ ಮುಗಿದಿತ್ತು, ನಿಜ. ಆದರೆ ಎಷ್ಟು ಬೇಗ ಎಂದು ನೋಡುವುದನ್ನೇ ಮರೆತಿದ್ದೆ.

ಸಂಜೆ ಅವನನ್ನು ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟು ಬಂದೆ. ಸಿಟ್ಟು ಆ ದಿನವೇ ಹೋಗಲಿಲ್ಲ. ಈಗಲೂ ಕೆಲವು ಸಲ, ಪಾತ್ರೆ ತೊಳೆಯುವಾಗಲೋ ಬಟ್ಟೆ ಮಡಿಸುವಾಗಲೋ, ಇದ್ದಕ್ಕಿದ್ದಂತೆ ಬರುತ್ತದೆ. ಅವನು ಗೇಟಿನ ಬಳಿ ಫೋನ್ ಹಿಡಿದು ನಿಂತದ್ದನ್ನು ನೆನೆಸಿಕೊಂಡರೆ ಅದೂ ನಿಲ್ಲುತ್ತದೆ. ಅವನೂ ದುಡಿಯುವವನು, ಯಾರದೋ ಮೋಟರ್ ಉಳಿಸಲು ಹೋಗಿದ್ದ. ನಾನೂ ಯಾರದೋ ಮದುವೆ ಉಳಿಸಲು ಕೂತಿದ್ದೆ. ಅಪ್ಪ ಹುಷಾರಾಗಿದ್ದಿದ್ದರೆ ಇಬ್ಬರಿಗೂ ಕೆಲಸ ಮುಗಿಸಿಯೇ ಬನ್ನಿ ಅನ್ನುತ್ತಿದ್ದರೇನೋ. ಇದು ನನಗೆ ನಾನೇ ಹೇಳಿಕೊಳ್ಳುವ ಸಮಾಧಾನವೂ ಇರಬಹುದು.

ಹೋದ ತಿಂಗಳು ಬಿಸಿಲು ಜೋರಾದಾಗ ಮಧ್ಯಾಹ್ನದ ಹೊತ್ತು ಅವನ ಫೋನು ಬಂತು. ಎತ್ತಿದ ಕೂಡಲೇ, “ಇವತ್ತೆಷ್ಟೈತೆ?” ಅಂದ.

“ಎಂಬತ್ಮೂರು ಕಣಣ್ಣ.”

“ಕರಿ ಕೂತಿರ್ತದೆ, ಬ್ರಶ್ನಾಗೆ ತಳ್ಳು. ಫ್ಯಾನ್ ಬೆರ್ಳಲ್ಲಿ ಇಡ್ಕಂಡು ತಳ್ಳು, ಸುಮ್ಕೆ ತಿರ್ಗಕ್ ಬುಡ್ಬ್ಯಾಡ.”

ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು: “ಆ ಮಿಸಿನ್ನ ಇಚಾರ ಸಾಕು, ಅವ್ಳು ಉಂಡ್ಲಾ ಕೇಳಿ!”

“ಉಂಡ್ಯಾ?” ಅಂದ ಅಣ್ಣ.